ಮೇಸ್ತ್ರಿಯ ತವರದ ಟೋಪಿ

ಹಲಸೂರಲ್ಲಿ ನಾನು ಟೋಪಿ ಹಾಕದ ತಲೆ ಇರ್ಲಿಲ್ಲ ಬಿಡಿ. ಆದ್ರೆ ಪಕ್ಕದ್ಮನೆ ದರ್ಜಿ ಮೇಸ್ತ್ರಿ ತಮ್ಮ ಟೋಪಿ ತಾವೇ ಹೊಲ್ಕೊಂಡಿದ್ರು. ಯುದ್ಧದ ಕಾಲ ಅದು. ಕೆರೆ ಹತ್ರ ಮಿಲಿಟರಿಯೋರು ವೈರ್‌ಲೆಸ್ ಕಂಬ ನೆಟ್ಟಿದ್ರು. ಆ ಕಂಬದಿಂದ ನಮ್ಮ ತಲೆಯೊಳಗೆ ಯೋಚನೆ ತುಂಬ್ತಾರೆ ಅಂತ ಮೇಸ್ತ್ರಿಗೆ ಭಯ. ಅದಕ್ಕೇ ಟೀ ಪೆಟ್ಟಿಗೆಯ ತವರದ ಹಾಳೆನ ಟೋಪಿ ಒಳಗಿಟ್ಟು ಹೊಲಿದಿದ್ರು. ಮಿಷನ್ ತುಳೀತಾನೇ ಅದನ್ನ ಮುಟ್ಟಿ ಮುಟ್ಟಿ ನೋಡ್ಕೊಳೋರು. "ತಲೆ ಮುಚ್ಕೊಳೋ ಮಗಾ," ಅಂತ ದಾರೀಲಿ ಹೋಗೋರಿಗೆಲ್ಲ ಹೇಳೋರು.

ಒಂದಿನ ಅವರು ಸ್ನಾನಕ್ಕೆ ಹೋದಾಗ ನಾನು ಹಾಳೆ ತೆಗೆದು, ತೆಳು ರಟ್ಟು ಇಟ್ಟು ಹೊಲಿದುಬಿಟ್ಟೆ. ದರ್ಜಿಗೇ ಗೊತ್ತಾಗ್ಲಿಲ್ಲ, ಅಂಥ ಕೈ ನಂದು! ಎಂಟು ದಿನ ಬಿಟ್ಟು ನಗ್ತಾ ಕೇಳ್ದೆ, "ಮೇಸ್ತ್ರಿ, ಇಷ್ಟು ದಿನ ಟೋಪೀಲಿ ಬರೀ ರಟ್ಟಿತ್ತು. ಏನಾಯ್ತು ನಿಮಗೆ?"

ಮಿಷನ್ ನಿಂತ್ಹೋಯ್ತು. ಹೊಲಿಗೆ ಬಿಚ್ಚಿ ನೋಡಿದ್ರು.

"ಮೊನ್ನೆ ತಾನೇ ಮಗಳ ಮದುವೆಗೆ ಒಪ್ಪಿ ತಾಂಬೂಲ ಬದಲಾಯಿಸಿದ್ನಲ್ಲೋ. ಹಾಗಾದ್ರೆ ಒಪ್ಪಿದ್ದು ನಾನಾ, ಆ ಕಂಬದೋರಾ?"

ಒಳಗೆ ಮಗಳ ಬಳೆ ಸದ್ದು ನಿಂತಿತು.

"ನೀವೇ ಒಪ್ಪಿದ್ದು ಮೇಸ್ತ್ರಿ, ದೇವರಾಣೆ!"

ಅವರು ನನ್ನ ಬರಿದಲೆ ನೋಡಿ ಹಿಂದೆ ಸರಿದ್ರು.

"ಈಗ ಮಾತಾಡ್ತಿರೋದು ಯಾರು?" ಅಂದ್ರು.