ಪ್ರದರ್ಶನಕ್ಕೆ ಹೋಗಬೇಕಾದ ಜಾಡಿ

ಸ್ನೇಹಿತರೇ, ಹೆಂಡತಿ ತೀರಿಕೊಂಡ ಮೇಲೆ ಸೆರಾಮಿಕ್ ಕಲಿತ ನನ್ನ ಜಾಡಿಯೊಂದು ಮೊದಲ ಸಲ ಪ್ರದರ್ಶನಕ್ಕೆ ಆಯ್ಕೆಯಾಗಿದೆ. ತಲುಪಿಸಲು ಇವತ್ತೇ ಕೊನೆಯ ದಿನ. ಜಾಡಿ ಮಾತ್ರ ಪಕ್ಕದ ಮನೆ ಮಾಮಿಯ ಅಡುಗೆಮನೆಯಲ್ಲಿತ್ತು. ಹಿಂದೆ ನಾನೇ ಕೊಟ್ಟಿದ್ದೆ.

“ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ, ರಾವ್ ಸಾರ್?”

“ಹತ್ತೇ ದಿನ, ಮಾಮಿ. ಪ್ಲೀಸ್ ಡು ದಿ ನೀಡ್‌ಫುಲ್.”

ಕೊನೆಗೆ ಅವರೇ ಅದನ್ನು ತೊಳೆದು, ತೊಡೆಯ ಮೇಲಿಟ್ಟುಕೊಂಡು, ವೇಲಚೇರಿಯಿಂದ ಆಟೋದಲ್ಲಿ ನನ್ನ ಜೊತೆ ಬಂದರು. ಗ್ಯಾಲರಿಯ ಹುಡುಗಿ ಕಾರ್ಡಿಗೆ ಬರೆಯಲು ಪೆನ್ನು ತೆಗೆದು, ಇದರ ವಿಶೇಷವೇನು ಎಂದು ಕೇಳಿದಳು. ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗುವ ಎರಡು ಪುಟದ ಟಿಪ್ಪಣಿಯನ್ನು ನಾನು ಜೇಬಿನಿಂದ ತೆಗೆಯುವಷ್ಟರಲ್ಲಿ ಮಾಮಿ ತಮ್ಮ ತಮಿಳಿನಲ್ಲೇ ಹೇಳಿಬಿಟ್ಟರು: “ಇದುಲ ತಯಿರ್ ಗೆಟ್ಟಿಯಾ ಇರುಕ್ಕುಂ ಮಾ.”

ಹುಡುಗಿ ಅದನ್ನೇ ಬರೆದುಕೊಂಡಳು. ಮೊಸರು ಗಟ್ಟಿಯಾಗುವ ಸಂಗತಿ ನನ್ನ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ.