ಪ್ರಾರ್ಥನೆಯ ನಡುವೆ ಸೀದ ರೊಟ್ಟಿ

ನಮ್ಮ ಸಭೆಯ ಹಿರಿಯರೊಬ್ಬರ ಪ್ರಾರ್ಥನೆ ಲೋಕದ ಸೃಷ್ಟಿಯಿಂದ ಶುರುವಾಗುತ್ತದೆ. ಐಗುಪ್ತ ದೇಶ ದಾಟಿ ಪುಣೆ ಮುಟ್ಟುವಷ್ಟರಲ್ಲಿ ಚಹಾ ಆರಿರುತ್ತದೆ. ಇಲ್ಲಿರುವ ನಾವು ನಾಲ್ಕಾರು ಕನ್ನಡ ಕ್ರೈಸ್ತ ಕುಟುಂಬಗಳು ಪ್ರತಿ ಶುಕ್ರವಾರ ಸಂಜೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಸೇರುತ್ತೇವೆ. ಹಾಡು, ಬೈಬಲಿನ ವಾಕ್ಯ, ಆಮೇಲೆ ಇವರ ಪ್ರಾರ್ಥನೆ. ಅಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರುವುದು ನನಗೆ ಇವತ್ತಿಗೂ ಒಗ್ಗಿಲ್ಲ.

ಸದಾಶಿವ ಪೇಠದಲ್ಲಿ ನಾವಿರುವ ಹಳೆಯ ವಠಾರದಂಥ ವಾಡೆಯ ಕೆಳಮನೆಯಲ್ಲಿ ವಿಜಯಪುರದ ಕಡೆಯ ಲಿಂಗಾಯತ ಹೆಂಗಸೊಬ್ಬರ ಖಾನಾವಳಿ ಇದೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಪರೀಕ್ಷೆಯ ಕ್ಲಾಸುಗಳಿಗೆಂದು ಊರು ಬಿಟ್ಟು ಬಂದವರು ಅಲ್ಲಿ ಉಣ್ಣುತ್ತಾರೆ. ಕಳೆದ ವರ್ಷ ಅಕ್ಕನ ಗಂಡ ಸ್ಕೂಟರಿನಿಂದ ಬಿದ್ದು, ತೊಡೆಯ ಎಲುಬು ಮುರಿದು ಆಸ್ಪತ್ರೆ ಸೇರಿದರು. ಆಪರೇಷನ್ ಆದ ಮೇಲೆ ಅವರ ಹತ್ತಿರ ಇರಲು ಅಕ್ಕನ ಹೊರತು ಯಾರೂ ಇರಲಿಲ್ಲ. ಖಾನಾವಳಿ ಮುಚ್ಚಿದರೆ ಉಣ್ಣುವವರು ಪಕ್ಕದ ಓಣಿಯ ಮೆಸ್ಸು ಹಿಡಿಯುತ್ತಾರೆ, ಒಮ್ಮೆ ಹೋದವರು ಮರಳುವುದಿಲ್ಲ. ಆ ಮನೆ ನಡೆಯುತ್ತಿದ್ದುದೇ ಅದರಿಂದ.

ಆಪರೇಷನ್ನಿನ ಹಿಂದಿನ ದಿನ ಶುಕ್ರವಾರ. ಅಕ್ಕನ ಖಾನಾವಳಿಗೇ ಹೋಗಿ ಪ್ರಾರ್ಥಿಸೋಣ ಎಂದರು ಹಿರಿಯರು. ಹೋದೆವು, ಸರಿಯಾಗಿ ಊಟ ಬಡಿಸುವ ಹೊತ್ತಿಗೆ. ಅಕ್ಕ ಬೇಡ ಎನ್ನಲಾರದೆ, ಹಿಟ್ಟಿನ ಕೈ ಒರೆಸಿಕೊಂಡು ನಮ್ಮ ಜೊತೆ ನಿಂತರು. ಹಿರಿಯರು ನೋಹನ ನಾವೆ ಹತ್ತಿದ್ದರೋ ಇಲ್ಲವೋ, ಸೀದ ವಾಸನೆ ಬಂತು. ಕಣ್ಣು ತೆರೆದೆ. ಹೆಂಚಿನ ಮೇಲೆ ರೊಟ್ಟಿ ಕಪ್ಪಾಗಿತ್ತು. ಹೊರಗಿನ ಪಡಸಾಲೆಯಲ್ಲಿ ಜನ ಖಾಲಿ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಅಕ್ಕನ ಕಣ್ಣೂ ತೆರೆದೇ ಇತ್ತು. ಒಲೆಯ ಕಡೆ ನೋಡುತ್ತ, ನಮ್ಮ ಮರ್ಯಾದೆಗೆಂದು ಅಲುಗದೆ ನಿಂತಿದ್ದರು. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಹೋಗಿ ಆ ರೊಟ್ಟಿ ತೆಗೆದು ಹಾಕಿ ಹಿಟ್ಟಿನ ಮುಂದೆ ಕೂತೆ.

ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಆಮೆನ್ ಕೂಡ ಇಲ್ಲ. ಹಿರಿಯರು ಗದರಿಸುತ್ತಾರೆ ಅಂದುಕೊಂಡೆ. ಅವರು ನನ್ನನ್ನು ನೋಡಿದರು, ಹೊರಗೆ ಕೂತವರನ್ನು ನೋಡಿದರು. ಆಮೇಲೆ ಅಂಗಿಯ ತೋಳು ಮಡಚಿ, ಪಲ್ಯದ ಬೋಗುಣಿ ಎತ್ತಿಕೊಂಡು ಬಡಿಸಲು ಹೋದರು.

ಎಲ್ಲರ ಊಟವಾದ ಮೇಲೆ, ನೀವು ಆಸ್ಪತ್ರೆ ನೋಡಿಕೊಳ್ಳಿ, ಖಾನಾವಳಿ ನಾವು ನಡೆಸುತ್ತೇವೆ ಎಂದೆ. ಅಕ್ಕ ತಡವರಿಸಿದರು. ಯಾಕೆಂದು ನನಗೆ ಗೊತ್ತಿತ್ತು, ನಾವು ಮಾಂಸ ತಿನ್ನುವವರು.

"ನನ್ನ ಒಲಿ ಮುಂದ ಕೂಡ್ರಿ," ಎಂದರು ಕಡೆಗೆ, "ಆದರ ಒಂದು ತತ್ತಿನೂ ಒಳಗ ತರಬ್ಯಾಡ್ರಿ."

ತರಲಿಲ್ಲ. ಅಡುಗೆಯ ಪಾಳಿ ಇದ್ದವರು ತಮ್ಮ ಮನೆಯಲ್ಲೂ ಆ ದಿನ ಮೊಟ್ಟೆ ಬೇಯಿಸಲಿಲ್ಲ. ಊರಂಚಿನ ವಾಕಡದಿಂದ ಬರುತ್ತಿದ್ದ ನಮ್ಮ ಸಭೆಯ ಐಟಿ ದಂಪತಿ ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೀರಿಟ್ಟರು. ನನ್ನ ರೊಟ್ಟಿ ಮಹಾರಾಷ್ಟ್ರದ ನಕಾಶೆಯಂತಿದೆ ಎಂದು ಉಣ್ಣುವವರು ಮರಾಠಿಯಲ್ಲಿ ಚೇಷ್ಟೆ ಮಾಡಿದರು, ಆದರೂ ಉಂಡರು. ಹಿರಿಯರು ನೀರು ತುಂಬಿ, ತಾಟು ತೊಳೆದರು. ಶುಕ್ರವಾರದ ಕೂಟವೂ ಅಲ್ಲಿಯೇ, ಎಲ್ಲರಿಗೂ ಉಣಿಸಿದ ಮೇಲೆ. ಅಷ್ಟೊತ್ತಿಗೆ ದಣಿದಿರುತ್ತಿದ್ದ ಹಿರಿಯರ ಪ್ರಾರ್ಥನೆ ನೇರ ಪುಣೆಯಿಂದಲೇ ಶುರುವಾಗುತ್ತಿತ್ತು.

ಅಕ್ಕ ಗಂಡನನ್ನು ಕರೆದುಕೊಂಡು ರಿಕ್ಷಾದಿಂದ ಇಳಿದ ಮಧ್ಯಾಹ್ನ ಪಂಕ್ತಿ ಕೂತಿತ್ತು. ಎಲ್ಲ ಹಳೆಯ ಮುಖಗಳೇ. ಅವರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ನೋಡಿದರು. ಗಂಡನನ್ನು ಒಳಗೆ ಮಲಗಿಸಿ ಬಂದು, ನನ್ನನ್ನು ಸರಿಸಿ ತಾವೇ ರೊಟ್ಟಿ ಬಡಿಯಲು ಕೂತರು. ತಲೆ ಎತ್ತದೆ ಹೇಳಿದರು:

"ಅವತ್ತ ಪ್ರಾರ್ಥನಾ ಮುಗದ ಮ್ಯಾಲ ನೀವೆಲ್ಲಾ ಎದ್ದು ಹೋಗ್ತೀರಿ ಅಂತ ತಿಳ್ಕೊಂಡಿದ್ದೆ ನೋಡ ತಂಗಿ."

ಹೋಗುವವರೇ ಇದ್ದೆವು. ಹಾಗೇ ಹೇಳಿದೆ. ಅಕ್ಕ ನಕ್ಕು, ಹೆಂಚಿನಿಂದ ತೆಗೆದ ಮೊದಲ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದರು.