ಬಾಳೆಹಣ್ಣಿನ ನಾಡಿ

ಕಲಬುರಗಿಯ ಸೇಡಂ ರಸ್ತೆಯ ಕಚೇರಿಯೊಂದರಲ್ಲಿ ಮೊಬೈಲಿನ ಆರೋಗ್ಯ ಆ್ಯಪುಗಳ ಗುಣಮಟ್ಟವನ್ನು ಪರೀಕ್ಷಿಸುವ ಮಹಾದೇವಪ್ಪನವರು ಸ್ನಾನ, ಲಿಂಗಪೂಜೆಗಳನ್ನು ಮುಗಿಸದೆ ಯಾವ ಆ್ಯಪನ್ನೂ ತೆರೆಯುವವರಲ್ಲ. ಜಗತ್ತೆಲ್ಲ ಓದದೆ ಒಪ್ಪಿಬಿಡುವ ಷರತ್ತುಗಳನ್ನು ಅವರು ಪಾರಾಯಣದಂತೆ ಮೊದಲಿನಿಂದ ಕೊನೆಯವರೆಗೆ ಓದುತ್ತಾರೆ, ಸಲಹೆಯ ಕೆಳಗೆ ವೈದ್ಯರ ಹೆಸರು ಕಾಣದಿದ್ದರೆ "ಹೇಳಿದವರು ಯಾರಂತ ಗೊತ್ತಿಲ್ದ ಔಷಧ ತಗೋಬೇಕೇನ್ರಿ?" ಎಂದು ಫೋನನ್ನೇ ಗದರಿಸುತ್ತಾರೆ. ಕ್ಯಾಮರಾದ ಮೇಲೆ ಬೆರಳಿಟ್ಟರೆ ನಾಡಿ ಎಣಿಸುತ್ತೇವೆನ್ನುವ ಆ್ಯಪುಗಳಿಗೆ ಅವರದೊಂದು ಅಗ್ನಿಪರೀಕ್ಷೆಯಿದೆ: ಬೆರಳಿನ ಬದಲು ಕಮಲಾಪುರದ ಕೆಂಪು ಬಾಳೆಹಣ್ಣನ್ನು ಇಡುವುದು. ಹಣ್ಣಿಗೂ ನಾಡಿಯುಂಟೆಂದ ಆ್ಯಪು ಅಲ್ಲಿಗೇ ಅನುತ್ತೀರ್ಣ. ಮನೆಯಲ್ಲಿಯೂ ಇದೇ ಪರೀಕ್ಷೆ ನಡೆಯುವುದರಿಂದ ಹೆಂಡತಿ ಮಲ್ಲಿಕಾ "ನಿಮ್ಮ ಪೇಷಂಟನ್ನ ಇನ್ನರೆ ತಿನ್ನಬಹುದೇನ್ರಿ?" ಎಂದು ಕೆಣಕುತ್ತಾರೆ. ಎಲ್ಲ ಸರಿಯಿದೆಯೆಂದು ಆ್ಯಪುಗಳು ತೋರಿಸುವ ಹಸಿರು ಗುರುತೆಂದರೆ ಮಹಾದೇವಪ್ಪನವರಿಗೆ ಎಷ್ಟು ಸಂಶಯವೆಂದರೆ, ವೃತ್ತದಲ್ಲಿ ಹಸಿರು ದೀಪ ಹೊತ್ತಿದರೂ ಆಚೀಚೆ ನೋಡದೆ ಸ್ಕೂಟರನ್ನು ಮುಂದೆ ಬಿಡರು. ಮೊನ್ನೆ ಕಮಲಾಪುರಕ್ಕೆ ಹೋದರೆ, ಅಲ್ಲಿ ಅವರ ಅಕ್ಕ ವಿಮಲಾಬಾಯಿ, ನಾಡಿ ನೋಡುವ ಆ್ಯಪಿನಲ್ಲಿ ಹಸಿರು ಗುರುತು ಬಂತೆಂದು ಬಿ.ಪಿ. ಗುಳಿಗೆಯನ್ನೇ ನಿಲ್ಲಿಸಿದ್ದರು. ಮಹಾದೇವಪ್ಪನವರು ಉಪದೇಶ ಮಾಡಲಿಲ್ಲ; ಎಡಗೈಯಿಂದ ಅಕ್ಕನ ಫೋನಿನಲ್ಲಿ ಅದೇ ಆ್ಯಪನ್ನು ತೆರೆದು ಬುಟ್ಟಿಯಲ್ಲಿದ್ದ ಬಾಳೆಹಣ್ಣಿನ ಮೇಲಿಟ್ಟರು. "ನಿಮ್ಮ ಹೃದಯ ಆರೋಗ್ಯವಾಗಿದೆ" ಎಂಬ ಹಸಿರು ಅಕ್ಷರಗಳು ಮೂಡಿದವು. "ಅಯ್ಯ, ಹಂಗಾದ್ರ ನಂದೂ ಈ ಬಾಳಿಹಣ್ಣಿಂದೂ ಒಂದೇ ಹಾರ್ಟ್ ಏನೋ ತಮ್ಮಾ?" ಎಂದು ನಗುತ್ತಲೇ ಅಕ್ಕ ಗುಳಿಗೆ ನುಂಗಿ ನೀರು ಕುಡಿದರು. ಮಹಾದೇವಪ್ಪನವರೂ ನಕ್ಕರು; ಆದರೆ ಅಷ್ಟು ಹೊತ್ತೂ ಅವರ ಬಲಗೈ ಬೆರಳುಗಳು ಅಕ್ಕನ ಮಣಿಕಟ್ಟಿನ ನಾಡಿಯನ್ನು ಬಿಟ್ಟಿರಲಿಲ್ಲ.